ದಿನ ಗೊತ್ತಿರುವ ಹೆರಿಗೆ: ಸಿಸೇರಿಯನ್‌ಗೆ ಮುನ್ನ ಸಿದ್ಧತೆ, ನಂತರ ವಿಶ್ರಾಂತಿ



ಬೇಸಾಯದ ಮನೆಯವರಿಗೆ ದಿನದ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ರಾಗಿ ಪೈರು ಹಣ್ಣಾಗುವ ಮೊದಲೇ ಕೊಯ್ಲಿಗೆ ಆಳು ಯಾರು ಎಂದು ಗೊತ್ತುಮಾಡಿಕೊಳ್ಳುತ್ತೀರಿ. ಅರಿಸಿನ ಅಗೆಯುವ ತಿಂಗಳಿಗೆ ಬೇಯಿಸುವ ಸೌದೆಯನ್ನು ಮುಂಚೆಯೇ ಕೂಡಿಡುತ್ತೀರಿ. ಸಾಮಾನ್ಯ ಹೆರಿಗೆಗೆ ಇಂಥ ಲೆಕ್ಕ ಸಾಲದು. ಅದು ನಡುರಾತ್ರಿಯಲ್ಲಿ ಬಂದೀತು, ಸುರಿಯುವ ಮಳೆಯಲ್ಲಿ ಬಂದೀತು. ಆದರೆ ವೈದ್ಯರು ಮೊದಲೇ ದಿನ ಹೇಳಿ ಮಾಡುವ ಸಿಸೇರಿಯನ್ ಹೆರಿಗೆ ಹಾಗಲ್ಲ. ಅಲ್ಲಿ ದಿನ ನಮ್ಮ ಕೈಯಲ್ಲಿದೆ. ಆ ದಿನಕ್ಕೆ ಮುಂಚಿನ ವಾರಗಳನ್ನೂ ನಂತರದ ಆರು ವಾರಗಳನ್ನೂ ನಾವು ಹೇಗೆ ಬಳಸುತ್ತೇವೆ ಎಂಬುದರ ಮೇಲೆ ತಾಯಿಯ ಮುಂದಿನ ಆರೋಗ್ಯ ನಿಂತಿದೆ.

ಮುಂಚಿನ ಸಿದ್ಧತೆಯನ್ನು ನಮ್ಮ ಮನೆಗಳು ಹೇಗೋ ಮಾಡಿಕೊಳ್ಳುತ್ತವೆ. ನಂತರದ ಆರು ವಾರಗಳಲ್ಲಿ ಮಾತ್ರ ಸೋಲುತ್ತವೆ. ಹೊರಗಿನ ಹೊಲಿಗೆ ಒಣಗಿದ್ದನ್ನು ನೋಡಿ ಒಳಗಿನ ಗಾಯವೂ ಮಾಗಿತು ಎಂದುಕೊಂಡು ತಾಯಿಯ ತಲೆಯ ಮೇಲೆ ಹುಲ್ಲಿನ ಹೊರೆ ಏರಿಸಿಬಿಡುತ್ತೇವೆ. ಈ ಸಂಚಿಕೆಯ ಪಾಠ ಮುಖ್ಯವಾಗಿ ಈ ತಪ್ಪು ತಿಳುವಳಿಕೆಯನ್ನು ಕುರಿತದ್ದು.

1. ಸಿಸೇರಿಯನ್ ಏಕೆ?

ತಾಯಿಯ ಕಿಬ್ಬೊಟ್ಟೆಯನ್ನೂ ಗರ್ಭಕೋಶವನ್ನೂ ಕೊಯ್ದು ಮಗುವನ್ನು ಹೊರತೆಗೆಯುವುದೇ ಸಿಸೇರಿಯನ್ ಶಸ್ತ್ರಚಿಕಿತ್ಸೆ. ಮಗು ಅಡ್ಡಲಾಗಿ ಮಲಗಿದ್ದರೆ, ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿದ್ದರೆ, ಹಿಂದೆ ಸಿಸೇರಿಯನ್ ಆಗಿದ್ದು ಈ ಸಲ ಸಹಜ ಹೆರಿಗೆ ಸುರಕ್ಷಿತವಲ್ಲ ಎಂದು ಕಂಡರೆ, ವೈದ್ಯರು ಮೊದಲೇ ದಿನ ನಿಗದಿ ಮಾಡುತ್ತಾರೆ. ಮಗುವಿನ ಪೃಷ್ಠ ಕೆಳಗಿರುವಾಗ ಮತ್ತು ಕೆಲವು ಅವಳಿ ಬಸಿರುಗಳಲ್ಲೂ ಹೀಗೆ ಮಾಡುವುದುಂಟು. ಮಾಸು ಬಾಯಿಗೆ ಅಡ್ಡವಾಗಿರುವ ಬಸುರಿಗೆ ನೋವು ಬರಲಿ ಎಂದು ಕಾಯುವುದು ಪ್ರಾಣಕ್ಕೇ ಅಪಾಯ. ಇಂಥ ಕಡೆ ಶಸ್ತ್ರಚಿಕಿತ್ಸೆ ತಾಯಿ ಮಗು ಇಬ್ಬರನ್ನೂ ಉಳಿಸುತ್ತದೆ.

ಹಾಗೆಂದು ಎಲ್ಲ ಸಿಸೇರಿಯನ್‌ಗಳೂ ಅಗತ್ಯವೆಂದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ 100 ಹೆರಿಗೆಗಳಲ್ಲಿ ಸುಮಾರು 45, ಕರ್ನಾಟಕದಲ್ಲಿ ಸುಮಾರು 31 ಸಿಸೇರಿಯನ್ ಆಗಿದ್ದವು. ಇಡೀ ದೇಶದ ಲೆಕ್ಕ ಸುಮಾರು 21. ಆದುದರಿಂದ ವೈದ್ಯರನ್ನು ವಿನಯದಿಂದಲೇ ಕೇಳಿರಿ: "ಇವಳಿಗೆ ಸಿಸೇರಿಯನ್ ಏಕೆ ಬೇಕು? ಸಹಜ ಹೆರಿಗೆಗೆ ಕಾಯುವುದರಲ್ಲಿ ಏನು ಅಪಾಯ?" ಕೇಳುವುದು ಅವಿಶ್ವಾಸವಲ್ಲ. ಕಾರಣ ತಿಳಿದ ತಾಯಿ ಧೈರ್ಯದಿಂದ ಶಸ್ತ್ರಚಿಕಿತ್ಸೆಗೆ ಹೋಗುತ್ತಾಳೆ. ಸಿಸೇರಿಯನ್ ಆದ ಹೆಣ್ಣು ಹೆರಲು ಹೆದರಿದವಳು, ಸೋಮಾರಿ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಬಾರದು. ಮಗುವಿಗಾಗಿ ಹೊಟ್ಟೆಯನ್ನೇ ಕೊಯ್ಯಲು ಒಪ್ಪಿದವಳು ಹೆದರಿದವಳು ಹೇಗಾದಾಳು?

2. ದಿನವನ್ನು ಯಾರು ಗೊತ್ತುಮಾಡಬೇಕು?

ವೈದ್ಯರೇ ಮಾಡಬೇಕು. ಬೇರೆ ತೊಂದರೆ ಇಲ್ಲದಿದ್ದರೆ ಬಸಿರಿನ 39 ವಾರ ತುಂಬುವ ಮೊದಲು ನಿಗದಿತ ಸಿಸೇರಿಯನ್ ಮಾಡಬಾರದು ಎಂಬುದು ಒಪ್ಪಿತ ನಿಯಮ. ಕೊನೆಯ ವಾರಗಳಲ್ಲಿ ಮಗುವಿನ ಶ್ವಾಸಕೋಶ ಉಸಿರಾಟಕ್ಕೆ ಅಣಿಯಾಗುತ್ತಿರುತ್ತದೆ. ಒಂದೆರಡು ವಾರ ಮುಂಚೆ ತೆಗೆದ ಮಗುವಿಗೆ ಉಸಿರಾಟದ ತೊಂದರೆಯಾಗಿ ತಾಯಿಯ ಮಗ್ಗುಲಲ್ಲಿರಬೇಕಾದ ಕೂಸು ಬೇರೆ ಕೋಣೆಯ ಯಂತ್ರದಡಿ ಮಲಗಬೇಕಾದೀತು. ಕಾಯಿ ಬಲಿಯುವ ಮುನ್ನ ಕಿತ್ತರೆ ಏನಾಗುವುದೆಂದು ನಿಮಗೆ ಗೊತ್ತೇ ಇದೆ.

ಒಳ್ಳೆಯ ನಕ್ಷತ್ರ, ಒಳ್ಳೆಯ ಗಳಿಗೆ ನೋಡಿ ದಿನ ಹಿಂದಕ್ಕೆಳೆಯುವವರಿದ್ದಾರೆ. ನಮ್ಮಲ್ಲಿಯೂ ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದಿನದಂದೇ ಮಗು ಹುಟ್ಟಲಿ ಎಂದು ಬಯಸುವವರು ಇಲ್ಲದಿಲ್ಲ. ಮರಿಯಮ್ಮನ ಹೆಸರನ್ನು ಯಾವ ದಿನ ಹುಟ್ಟಿದ ಮಗುವಿಗೂ ಇಡಬಹುದು. ಬಲಿತು ಹುಟ್ಟುವ ಭಾಗ್ಯವನ್ನು ಮಾತ್ರ ಮಗುವಿನಿಂದ ಕಸಿಯಬೇಡಿ. ಹಾಗೆಯೇ "ಕೊಯ್ಲು ಮುಗಿಯಲಿ" ಎಂದು ದಿನವನ್ನು ಮುಂದಕ್ಕೆ ತಳ್ಳುವುದೂ ಸಲ್ಲದು.

3. ಮುಂಚಿನ ವಾರಗಳಲ್ಲಿ ಮಾಡಬೇಕಾದದ್ದು

ರಕ್ತ: ಸಿಸೇರಿಯನ್‌ನಲ್ಲಿ ಸಹಜ ಹೆರಿಗೆಗಿಂತ ಹೆಚ್ಚು ರಕ್ತ ಹೋಗುತ್ತದೆ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸರ್ಕಾರದ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ 180 ದಿನ ನುಂಗಬೇಕು. ಕಾಫಿ, ಟೀ ಕುಡಿದ ಕೂಡಲೇ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಸುಣ್ಣದಂಶದ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಿ. ಮಲ ಕಪ್ಪಾಗುವುದು ಸಹಜ, ಹೆದರಬೇಡಿ. ರಕ್ತದ ಗುಂಪನ್ನು ಮೊದಲೇ ತಿಳಿದುಕೊಳ್ಳಿ. ತಾಯಿಯದು ನೆಗೆಟಿವ್ ಗುಂಪಾಗಿದ್ದು ಮಗುವಿನದು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕು. ಇಲ್ಲದಿದ್ದರೆ ಮುಂದಿನ ಮಗುವಿಗೆ ಅಪಾಯ. ಅಗತ್ಯ ಬಿದ್ದರೆ ರಕ್ತ ಕೊಡಬಲ್ಲ ಇಬ್ಬರು ಆರೋಗ್ಯವಂತರ ಹೆಸರನ್ನು ಬರೆದಿಟ್ಟುಕೊಳ್ಳಿ.

ದಾರಿ: ನಮ್ಮ ತಾಳವಾಡಿ ಸೀಮೆಯವರಿಗೆ ಇದು ದೊಡ್ಡ ಮಾತು. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ದಾಟಬೇಕು. ಕಾಡುಪ್ರಾಣಿಗಳ ರಕ್ಷಣೆಗಾಗಿ 2022ರಿಂದ ಅಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸ್‌ಗೆ ವಿನಾಯಿತಿ ಇದ್ದರೂ ದಾರಿಯಲ್ಲಿ ಆನೆ ನಿಂತರೆ ಕಾಯಲೇಬೇಕು. ಅನೇಕರು ಗಡಿ ದಾಟಿ ಚಾಮರಾಜನಗರಕ್ಕೆ ಹೋಗುತ್ತಾರೆ. ಯಾವ ಕಡೆ ಹೋಗುವುದೆಂದು ಮೊದಲೇ ತೀರ್ಮಾನಿಸಿ, ಅದೇ ಆಸ್ಪತ್ರೆಯಲ್ಲಿ ಒಮ್ಮೆಯಾದರೂ ತೋರಿಸಿಕೊಂಡಿರಿ. ಮಾಸು ಅಡ್ಡವಿರುವ ಬಸುರಿ ಕೊನೆಯ ವಾರಗಳಲ್ಲಿ ಆಸ್ಪತ್ರೆ ಇರುವ ಊರಿನಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಕ್ಷೇಮ. ನಿಗದಿಯಾದ ದಿನಕ್ಕೆ ಮೊದಲೇ ನೋವು ಬಂದರೆ, ನೀರು ಹೋದರೆ, ಸ್ವಲ್ಪವೇ ರಕ್ತ ಕಂಡರೂ ದಿನಕ್ಕಾಗಿ ಕಾಯಬೇಡಿ. 108ಕ್ಕೆ ಕರೆ ಮಾಡಿ, "ಸಿಸೇರಿಯನ್‌ಗೆ ದಿನ ಕೊಟ್ಟಿದ್ದಾರೆ" ಎಂದು ಮೊದಲು ಹೇಳಿ.

ಕಾಗದಪತ್ರ: ತಮಿಳುನಾಡಿನಲ್ಲಿ ಬಸಿರನ್ನು ಗ್ರಾಮದ ಆರೋಗ್ಯ ದಾದಿಯ ಬಳಿ ನೋಂದಾಯಿಸಿ ತಾಯಿಯ ಗುರುತಿನ ಸಂಖ್ಯೆ ಪಡೆದಿರಬೇಕು. ಮಗುವಿನ ಜನನ ಪತ್ರಕ್ಕೂ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ನೆರವು ಯೋಜನೆಗೂ ಅದೇ ಆಧಾರ. ಆ ಯೋಜನೆಯಲ್ಲಿ ಅರ್ಹ ಬಡ ತಾಯಂದಿರಿಗೆ ನಗದು ಮತ್ತು ಪೋಷಣೆಯ ಕಿಟ್ ಸೇರಿ 18,000 ರೂಪಾಯಿಗಳ ನೆರವು ಉಂಟು. ತವರು ಕರ್ನಾಟಕದ ಕಡೆಯಿದ್ದು ಹೆರಿಗೆಗೆ ಅಲ್ಲಿಗೆ ಹೋಗುವವರು ಈ ಸಂಖ್ಯೆಯನ್ನೂ ಪರೀಕ್ಷೆಯ ಚೀಟಿಗಳನ್ನೂ ಒಂದೇ ಚೀಲದಲ್ಲಿಟ್ಟು ಒಯ್ಯಬೇಕು. ಜನನವನ್ನು ಮಗು ಹುಟ್ಟಿದ ಊರಿನಲ್ಲೇ 21 ದಿನಗಳೊಳಗೆ ನೋಂದಾಯಿಸಬೇಕು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಸಿಸೇರಿಯನ್, ಔಷಧಿ, ರಕ್ತ, ಏಳು ದಿನಗಳವರೆಗಿನ ಊಟ ತಾಯಿಗೆ ಉಚಿತ. ಸಾಲ ಮಾಡುವ ಮುನ್ನ ಇದನ್ನು ವಿಚಾರಿಸಿರಿ.

ಮನೆ: ಆರು ವಾರ ಹಾಲು ಕರೆಯುವವರು ಯಾರು, ನೀರು ತರುವವರು ಯಾರು, ದೊಡ್ಡ ಮಗುವನ್ನು ಶಾಲೆಗೆ ಕಳಿಸುವವರು ಯಾರು ಎಂಬುದನ್ನು ಗಂಡ, ಅತ್ತೆ, ತವರಿನವರು ಒಟ್ಟಿಗೆ ಕುಳಿತು ಗೊತ್ತುಮಾಡಿಕೊಳ್ಳಿ. ಆಳಿನ ಕೂಲಿಯನ್ನು ಆಸ್ಪತ್ರೆಯ ಖರ್ಚಿನ ಜೊತೆಗೇ ಲೆಕ್ಕ ಹಾಕಿ. ಅದೂ ಚಿಕಿತ್ಸೆಯ ಖರ್ಚೇ.

4. ಆಸ್ಪತ್ರೆಯಲ್ಲಿ

ಹಿಂದಿನ ದಿನ ಸೋಪು ಹಚ್ಚಿ ಸ್ನಾನ ಮಾಡಿ. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿ. ಕಾಣದ ಗೀರುಗಳಿಂದ ಸೋಂಕು ಹತ್ತುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಎಷ್ಟು ಗಂಟೆ ಊಟ, ನೀರು ನಿಲ್ಲಿಸಬೇಕೆಂದು ಆಸ್ಪತ್ರೆಯವರು ಹೇಳುತ್ತಾರೆ. "ಪಾಪ, ಹಸಿದಿದ್ದಾಳೆ" ಎಂದು ಕದ್ದು ಇಡ್ಲಿ ತಿನ್ನಿಸಬೇಡಿ. ಹೊಟ್ಟೆಯಲ್ಲಿದ್ದ ಅನ್ನ ಉಸಿರಿನ ನಾಳಕ್ಕೆ ಹೋದರೆ ಪ್ರಾಣಾಪಾಯ.

ಸಾಮಾನ್ಯವಾಗಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಮಗುವಿನ ಮೊದಲ ಅಳುವನ್ನು ಕೇಳುತ್ತಾಳೆ. ಮಗು ಮೊದಲ ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ. ಪದರ ಪದರವಾಗಿ ಹೊಲಿಯಲು ಉಳಿದ ಹೊತ್ತು, ಒಟ್ಟು ಮುಕ್ಕಾಲು ಅಥವಾ ಒಂದು ಗಂಟೆ ಹಿಡಿಯುತ್ತದೆ. ಈ ಚುಚ್ಚುಮದ್ದಿನಿಂದ ಜೀವಮಾನವಿಡೀ ಬೆನ್ನುನೋವು ಬರುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಬಸಿರಿನ ಭಾರ, ಬಗ್ಗಿ ಹಾಲೂಡುವುದು, ಬೇಗನೆ ಭಾರ ಎತ್ತುವುದು ಇವೇ ಹೆಚ್ಚಾಗಿ ಬೆನ್ನುನೋವಿಗೆ ಕಾರಣ.

ಸಾಧ್ಯವಾದರೆ ಮೊದಲ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಿ. ಮೊದಲ ಹಳದಿ ಹಾಲು ಮಗುವಿಗೆ ಸೋಂಕಿನಿಂದ ಕಾವಲು. ಅದನ್ನು ಹಿಂಡಿ ಚೆಲ್ಲಬೇಡಿ. ಜೇನು, ಸಕ್ಕರೆ ನೀರು, ಹಸುವಿನ ಹಾಲು ಯಾವುದೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನು ವಿಷವಾಗಬಲ್ಲದು. ತಾಯಿ ಮಗ್ಗುಲಿಗೆ ಮಲಗಿ, ಇಲ್ಲವೆ ಮಗುವನ್ನು ಕಂಕುಳಡಿ ಹಿಡಿದು ಹಾಲೂಡಿದರೆ ಗಾಯದ ಮೇಲೆ ಭಾರ ಬೀಳದು.

ದಾದಿಯರು ಮೊದಲ 24 ಗಂಟೆಯೊಳಗೆ ತಾಯಿಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರೆ ಕೋಪಿಸಬೇಡಿ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ; ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಸಾವು ಬರಬಹುದು. ನಡಿಗೆ ಔಷಧಿ, ಹೊರೆ ವಿಷ. ಈ ವ್ಯತ್ಯಾಸ ನೆನಪಿಡಿ.

5. ಮನೆಗೆ ಬಂದ ಮೇಲೆ

ಕೊಯ್ದದ್ದು ಚರ್ಮವೊಂದನ್ನೇ ಅಲ್ಲ. ಅದರಡಿಯ ಕೊಬ್ಬು, ಸ್ನಾಯುಗಳ ಮೇಲಿನ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ, ಕೊನೆಗೆ ಗರ್ಭಕೋಶದ ಗೋಡೆ. ಚರ್ಮ ಹತ್ತು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಪದರಗಳು ಬಲಗೊಳ್ಳಲು ವಾರಗಳು ಬೇಕು. ಕಸಿ ಕಟ್ಟಿದ ಗಿಡದಲ್ಲಿ ಚಿಗುರು ಕಂಡಿತೆಂದು ಕೂಡಲೇ ಕಟ್ಟು ಬಿಚ್ಚಿ ಕೊಂಬೆಯನ್ನು ಜಗ್ಗುತ್ತೀರಾ?

ಆದುದರಿಂದ ಆರು ವಾರ ಮಗುವಿಗಿಂತ ಭಾರವಾದದ್ದನ್ನು ತಾಯಿ ಎತ್ತಬಾರದು. ನೀರಿನ ಬಿಂದಿಗೆ, ಹುಲ್ಲಿನ ಹೊರೆ, ಕೋಸಿನ ಮೂಟೆ, ಸಗಣಿ ಮಂಕರಿ, ಔಷಧಿ ಸಿಂಪಡಿಸುವ ಟ್ಯಾಂಕು ಬೇಡವೇ ಬೇಡ. ಔಷಧಿ ಸಿಂಪಡಿಸಿದ ಹೊಲಕ್ಕೂ ಹಾಲೂಡುವ ತಾಯಿ ಹೋಗಬಾರದು. ಮನೆಯೊಳಗೆ, ಅಂಗಳದಲ್ಲಿ ದಿನವೂ ಸ್ವಲ್ಪ ಸ್ವಲ್ಪ ಹೆಚ್ಚಿಸಿ ನಡೆಯಲಿ. ಕೆಮ್ಮುವಾಗ, ನಗುವಾಗ ದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳಲಿ. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ, ಕೈಯೂರಿ ಏಳಲಿ. ಆರು ವಾರಗಳ ನಂತರ ವೈದ್ಯರಿಗೆ ತೋರಿಸಿ, ಅವರು ಸರಿ ಎಂದ ಮೇಲೆ ಹಗುರ ಕೆಲಸದಿಂದ ಶುರುಮಾಡಲಿ.

"ನಾವು ಹೆತ್ತ ಮೂರನೇ ದಿನವೇ ಕಳೆ ಕೀಳಲು ಹೋದೆವು" ಎಂದು ಹಿರಿಯರು ಹೇಳುವುದುಂಟು. ಅವರ ಕಷ್ಟ ನಿಜ. ಆದರೆ ಹಾಗೆ ಹೇಳುವವರು ಬದುಕಿ ಉಳಿದವರು. ಉಳಿಯದವರು ಬಂದು ಹೇಳುವುದಿಲ್ಲ. ಅಲ್ಲದೆ ಆ ಕಾಲದ ಬಹುತೇಕ ತಾಯಂದಿರ ಹೊಟ್ಟೆ ಕೊಯ್ದಿರಲಿಲ್ಲ.

ಗಾಯ: ದಿನವೂ ಸೋಪು, ಶುದ್ಧ ನೀರಿನಿಂದ ಮೆಲ್ಲಗೆ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಒರೆಸಿ ಒಣಗಿಸಿ. ಅರಿಸಿನ, ಬೂದಿ, ಎಣ್ಣೆ, ಪೌಡರ್ ಹಚ್ಚಬೇಡಿ. ಬಾಣಂತಿ ಸ್ನಾನದ ಕುದಿ ನೀರನ್ನು ಹೊಟ್ಟೆಯ ಮೇಲೆ ಹೊಯ್ಯಬೇಡಿ. ಹೊಟ್ಟೆಗೆ ಆಸರೆಯಾಗಿ ಮೆತ್ತನೆಯ ಬಟ್ಟೆ ಸುತ್ತಬಹುದು, ಉಸಿರು ಕಟ್ಟುವಂತೆ ಬಿಗಿಯಬಾರದು. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಡುವುದು ತಾಯಿ ಮಗು ಇಬ್ಬರಿಗೂ ಅಪಾಯ. ಕಾಣದ ವಿಷಗಾಳಿ ಅಲ್ಲಿ ತುಂಬುತ್ತದೆ. ಕೊಟ್ಟ ಔಷಧಿಯನ್ನು ಪೂರ್ತಿ ಮುಗಿಸಿ. ನೋವು ಕಡಿಮೆಯಾಯಿತೆಂದು ಅರ್ಧಕ್ಕೆ ಬಿಡಬೇಡಿ.

ಊಟ: ನೀರು ಕುಡಿದರೆ ಗಾಯ ಕೀವಾಗುತ್ತದೆ, ಸೊಪ್ಪು ತಿಂದರೆ ಮಗುವಿಗೆ ಭೇದಿಯಾಗುತ್ತದೆ ಎಂಬ ಪಥ್ಯಕ್ಕೆ ಅರ್ಥವಿಲ್ಲ. ಗಾಯ ಮಾಗಲು, ಹಾಲು ಇಳಿಯಲು ಬೇಕಾದದ್ದೇ ಒಳ್ಳೆಯ ಊಟ ಮತ್ತು ಧಾರಾಳ ನೀರು. ರಾಗಿಮುದ್ದೆ, ನುಗ್ಗೆಸೊಪ್ಪು, ಅವರೆಕಾಳು, ಹುರುಳಿ, ಮೊಟ್ಟೆ, ಮೀನು, ಹಾಲು, ಬಾಳೆಹಣ್ಣು ಎಲ್ಲವೂ ನಮ್ಮ ಕೈಗೆಟುಕುವಂಥವು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಸೊಪ್ಪಿಗೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಸೊಪ್ಪು, ಹಣ್ಣು, ನೀರು ಮಲಬದ್ಧತೆಯನ್ನೂ ತಡೆಯುತ್ತವೆ; ತಿಣುಕಿದರೆ ಹೊಲಿಗೆಗೆ ನೋವು. ಮನೆಯವರೆಲ್ಲ ಉಂಡು ಉಳಿದದ್ದು ಬಾಣಂತಿಗೆ ಎಂಬ ಪದ್ಧತಿ ಎಲ್ಲಾದರೂ ಇದ್ದರೆ ಇಂದೇ ನಿಲ್ಲಲಿ.

6. ತಡಮಾಡಬಾರದ ಚಿಹ್ನೆಗಳು

ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ರಾತ್ರಿಯಾದರೆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು:

- 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಚಳಿ ನಡುಕ
- ಒಂದು ಗಂಟೆಯೊಳಗೆ ಪ್ಯಾಡು ಪೂರ್ತಿ ತೊಯ್ಯುವಷ್ಟು ರಕ್ತಸ್ರಾವ, ದೊಡ್ಡ ಗಡ್ಡೆಗಳು, ದುರ್ವಾಸನೆಯ ಸ್ರಾವ
- ಗಾಯ ಕೆಂಪಾಗಿ ಊದುವುದು, ಕೀವು, ಹೊಲಿಗೆ ಬಿಡುವುದು
- ಒಂದು ಕಾಲಿನ ಮೀನಖಂಡದಲ್ಲಿ ನೋವು, ಊತ
- ಏದುಸಿರು, ಎದೆನೋವು
- ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್
- ಮೂತ್ರ ಕಟ್ಟುವುದು, ಉರಿ
- ಮಗು ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು

ಈ ಪಟ್ಟಿಯನ್ನು ಕತ್ತರಿಸಿ ಬಾಣಂತಿ ಕೋಣೆಯ ಗೋಡೆಗೆ ಅಂಟಿಸಿ.

7. ಮನಸ್ಸಿನ ಗಾಯ

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ದುಃಖ ಹೋಗದಿದ್ದರೆ, ಮಗುವನ್ನು ಕಂಡರೆ ಬೇಸರವಾದರೆ, ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ ಅದು ಕಾಯಿಲೆ. ಅದಕ್ಕೆ ಚಿಕಿತ್ಸೆಯಿದೆ. ಸಾಯುವ ಮಾತು ಬಂದರೆ ಅಥವಾ ಮಗುವಿಗೆ ಏನಾದರೂ ಮಾಡಿಯಾಳೆಂಬ ಭಯವಿದ್ದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ದೆವ್ವದ ಗಾಳಿ ಎಂದು ತಾಯಿತ ಕಟ್ಟಿಸಲು ಓಡಬೇಡಿ, ಪ್ರಾರ್ಥನೆ ಸಾಲದೆಂದು ಬೈಯಬೇಡಿ. ರಾತ್ರಿ ಒಂದು ಸಲ ಗಂಡ ಎದ್ದು ಮಗುವಿನ ಬಟ್ಟೆ ಬದಲಿಸಿದರೆ ಅದು ದೊಡ್ಡ ಆಸರೆ.

8. ಮುಂದಿನ ಮಗು

ಗರ್ಭಕೋಶದ ಮೇಲಿನ ಗಾಯದ ಗುರುತು ಬಲಗೊಳ್ಳಬೇಕಾದರೆ ಬಿಡುವು ಬೇಕು. ಒಂದು ಹೆರಿಗೆಯ ನಂತರ ಕನಿಷ್ಠ ಎರಡು ವರ್ಷ ಬಿಟ್ಟು ಮುಂದಿನ ಬಸಿರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಗ ಬಸಿರಾದರೆ ನೋವಿನ ಹೊತ್ತಿನಲ್ಲಿ ಹಳೆಯ ಗಾಯ ಬಿರಿಯುವ ಅಪಾಯ ಹೆಚ್ಚು. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲನ್ನೇ ಕೊಡುತ್ತಿರಬೇಕು, ಮುಟ್ಟು ಮರಳಿ ಬಂದಿರಬಾರದು: ಈ ಮೂರೂ ಸೇರಿದರೆ ಮಾತ್ರ ಎದೆಹಾಲೂಡುವಿಕೆಯೇ 98 ಪಾಲು ಬಸಿರನ್ನು ತಡೆಯುತ್ತದೆ. ಒಂದು ತಪ್ಪಿದರೂ ಆ ಭರವಸೆಯಿಲ್ಲ. ಆಮೇಲಿನ ದಾರಿಯನ್ನು, ಸಹಜ ಕುಟುಂಬ ಯೋಜನೆಯ ಕ್ರಮವನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ಕಲಿಯಿರಿ. ಅಂತರದ ಜವಾಬ್ದಾರಿ ಗಂಡಸಿನದೂ ಹೌದು. ಮನಸ್ಸನ್ನು ಹಿಡಿತದಲ್ಲಿಡುವುದು ಅವನ ಪ್ರೀತಿಯ ಗುರುತು.

ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಅದೇ ಎಂಬ ನಿಯಮವಿಲ್ಲ. ಅನೇಕರಿಗೆ ಮುಂದೆ ಸಹಜ ಹೆರಿಗೆ ಸಾಧ್ಯ. ಆದರೆ ಅದು ಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ಆಸ್ಪತ್ರೆಯಲ್ಲೇ ಆಗಬೇಕು, ಮನೆಯಲ್ಲಿ ಎಂದಿಗೂ ಅಲ್ಲ. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿಯನ್ನು ಹೊಲದ ಪತ್ರದಷ್ಟೇ ಜೋಪಾನವಾಗಿಡಿ. ಯಾವ ಕಾರಣಕ್ಕೆ, ಯಾವ ರೀತಿ ಕೊಯ್ದರೆಂದು ಮುಂದಿನ ವೈದ್ಯರಿಗೆ ಅದೇ ಹೇಳಬೇಕು.

9. ದೇವಾಲಯದ ಕರ್ತವ್ಯಗಳ ಬಗ್ಗೆ

ಕೆಲವು ತಾಯಂದಿರು ಕೇಳುವುದರಿಂದ ಇಷ್ಟು ಹೇಳುವೆ. ಗುಣಮುಖಳಾಗುವವರೆಗೆ ಬಾಣಂತಿಗೆ ಭಾನುವಾರದ ಬಲಿಪೂಜೆಯ ಕಟ್ಟಳೆ ಇಲ್ಲ; ಬಾರದಿದ್ದರೆ ಪಾಪವಲ್ಲ. ತಪಸ್ಸು ಕಾಲದಲ್ಲೂ ಬಸುರಿ, ಬಾಣಂತಿ ಉಪವಾಸ ಮಾಡಬೇಕಿಲ್ಲ. ಬಾಣಂತಿ ಮೈಲಿಗೆಯೆಂದು ದೂರವಿರಿಸುವುದಕ್ಕೂ ಕ್ರೈಸ್ತ ವಿಶ್ವಾಸದಲ್ಲಿ ಆಧಾರವಿಲ್ಲ.

ಮನೆಯಲ್ಲಿ ಕೂಡಿ ಚರ್ಚಿಸಲು

ಈ ವಾರ ನಿಮ್ಮ ಓಣಿಯ ಕೂಟದಲ್ಲಿ ಈ ಮೂರನ್ನು ಕೇಳಿಕೊಳ್ಳಿ. ನಮ್ಮ ಬೀದಿಯಲ್ಲಿ ಈಗ ದಿನ ತುಂಬುತ್ತಿರುವ ಬಸುರಿ ಯಾರು? ಅವಳ ಮನೆಯಲ್ಲಿ ಆರು ವಾರ ಬಿಂದಿಗೆ ಎತ್ತುವ ಕೈ ಇದೆಯೇ? ಇಲ್ಲದಿದ್ದರೆ ನಮ್ಮಲ್ಲಿ ಯಾರು ಯಾವ ದಿನ ಹೋಗುತ್ತೇವೆ? ಕೊನೆಯ ಪ್ರಶ್ನೆಗೆ ಉತ್ತರವನ್ನು ಹೆಸರು, ವಾರ ಸಹಿತ ಕಾಗದದ ಮೇಲೆ ಬರೆದುಕೊಳ್ಳಿ.